ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ

2000ದಲ್ಲಿ ವಿಶ್ವಸಂಸ್ಥೆಯಲ್ಲಿ ಎಲ್ಲ ದೇಶಗಳೂ ಸೇರಿ ಒಪ್ಪಿಕೊಂಡ ಸಹಸ್ರಮಾನದ ಗುರಿಗಳು ನೆನಪಿರಬಹುದು. ಅದರಲ್ಲಿ ನಾಲ್ಕನೆಯದು ಮಕ್ಕಳ ಸಾವಿನದ್ದು. ಐದು ವರ್ಷ ತುಂಬುವ ಮೊದಲೇ ಸಾಯುವ ಮಕ್ಕಳ ಪ್ರಮಾಣ 1990ರಲ್ಲಿ ಎಷ್ಟಿತ್ತೋ 2015ಕ್ಕೆ ಅದರ ಮೂರನೇ ಒಂದು ಪಾಲಿಗೆ ಇಳಿಯಬೇಕು ಅಂತ. ಬಾಂಗ್ಲಾದೇಶ ಇದನ್ನು ಸಾಧಿಸಿತು. ಸಾವಿರಕ್ಕೆ 144 ಇದ್ದದ್ದು 38ಕ್ಕೆ ಬಂತು. ನಾವು 126ರಿಂದ ಶುರು ಮಾಡಿ 48ಕ್ಕೆ ಬಂದು ನಿಂತೆವು, 42 ಆಗಬೇಕಿತ್ತು. ನಮಗಿಂತ ಹಿಂದಿದ್ದವರು ನಮ್ಮನ್ನು ದಾಟಿ ಹೋದರು!

ಇದಕ್ಕೆ ಲಸಿಕೆ, ಹೆಣ್ಣುಮಕ್ಕಳ ಓದು, ಚಿಕ್ಕದಾದ ಸಂಸಾರ ಎಲ್ಲವೂ ಕಾರಣ. ಆದರೆ ನನಗೆ ಹೇಳಬೇಕೆನಿಸಿದ್ದು ಈ ಗುರಿಗಳು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಶುರುವಾದ ಒಂದು ಕೆಲಸದ ಬಗ್ಗೆ.

ವಾಂತಿಭೇದಿಯಲ್ಲಿ ಜೀವ ಹೋಗುವುದು ಮೈಯ ನೀರು, ಉಪ್ಪು ಸೋರಿಹೋಗುವುದರಿಂದ. ಬರೀ ನೀರು ಕುಡಿಸಿದರೆ ಸಾಲದು. ಸಕ್ಕರೆ ಅಂಶ ಜೊತೆಗಿದ್ದರೆ ಕರುಳು ಉಪ್ಪನ್ನು ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಇದು ಕಾಲರಾ ರೋಗಿಗಳಲ್ಲಿ ಕೆಲಸ ಮಾಡುತ್ತದೆಂದು ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ 1968ರಲ್ಲಿ ತೋರಿಸಿದರು. 1971ರ ಯುದ್ಧದಲ್ಲಿ ಪಶ್ಚಿಮ ಬಂಗಾಳದ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಸಾಲದೇ ಹೋದಾಗ ದಿಲೀಪ್ ಮಹಲನಬೀಸ್ ಇದನ್ನೇ ಡ್ರಮ್ಮುಗಳಲ್ಲಿ ಕಲಸಿಟ್ಟು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಅಲ್ಲಿ ಸಾವು ನೂರಕ್ಕೆ ಮೂವತ್ತರಿಂದ ನಾಲ್ಕಕ್ಕಿಂತ ಕೆಳಗಿಳಿಯಿತು.

ಅಲ್ಲಿಗೆ ವಿಜ್ಞಾನ ಮುಗಿಯಿತು. ಹಳ್ಳಿ ಬಾಕಿ ಇತ್ತು.

ಬ್ರಾಕ್ ಸಂಸ್ಥೆ ಕಟ್ಟಿದ ಫಜ್ಲೆ ಹಸನ್ ಅಬೇದ್ ಡಾಕ್ಟರಲ್ಲ, ತೈಲ ಕಂಪನಿಯಲ್ಲಿದ್ದ ಲೆಕ್ಕಿಗ. ಪುಡಿಯ ಪೊಟ್ಟಣ ಎಲ್ಲ ಹಳ್ಳಿಗೂ ಮುಟ್ಟುವುದಿಲ್ಲ, ಓದು ಬಾರದವರಿಗೆ ಭಿತ್ತಿಪತ್ರ ಪ್ರಯೋಜನವಿಲ್ಲ. ಹಾಗಾಗಿ 1980ರಿಂದ ಬ್ರಾಕ್‌ನ ಹೆಂಗಸರು ಮನೆಮನೆಗೆ ನಡೆದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿಯ ಕೈಯಲ್ಲೇ ಮಾಡಿಸಿ, ನೆನಪಿಡಬೇಕಾದ ಹತ್ತು ಮಾತು ಹೇಳಿಕೊಟ್ಟು ಬರುವುದು. ಹತ್ತು ಜಾಸ್ತಿಯಾಯಿತೆಂದು ಆಮೇಲೆ ಏಳಕ್ಕಿಳಿಸಿದರು.

ನನಗೆ ತುಂಬಾ ಹಿಡಿಸಿದ್ದು ಸಂಬಳದ ಲೆಕ್ಕ. ಎಷ್ಟು ಮನೆಗೆ ಹೋದೆ ಎಂಬುದಕ್ಕೆ ದುಡ್ಡಲ್ಲ. ಕೆಲವು ವಾರ ಬಿಟ್ಟು ಬೇರೊಬ್ಬರು ಚೀಟಿ ಎತ್ತಿದಂತೆ ಕೆಲವು ಮನೆ ಆರಿಸಿಕೊಂಡು ಹೋಗುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆ, ಅವಳು ಕಲಸಿದ್ದು ಸರಿಯಿದೆಯೇ ಎಂದು ನೋಡಿ, ಅದರ ಮೇಲೆ ಕಲಿಸಿದವಳ ಸಂಬಳ. ಬರೆದ ಕೋಡಿಗಲ್ಲ, ಬಳಸುವವನಿಗೆ ಅರ್ಥವಾದದ್ದಕ್ಕೆ ಕಾಸು ಅಂದರೆ ನಮ್ಮಲ್ಲಿ ಎಷ್ಟು ಜನ ಊಟ ಮಾಡುತ್ತಿದ್ದೆವೋ :)

ಆದರೂ ಒಂದು ತೊಡಕು ಬಂತು. ತಾಯಂದಿರಿಗೆ ಪಾಠ ಬಾಯಿಪಾಠ, ಮಗುವಿಗೆ ಭೇದಿಯಾದಾಗ ಕುಡಿಸುವವರು ಮಾತ್ರ ಬೆರಳೆಣಿಕೆ. ವಿಚಾರಿಸಿದರೆ, ಕಲಿಸುವ ಹೆಂಗಸರಿಗೇ ಇದರ ಮೇಲೆ ನಂಬಿಕೆಯಿರಲಿಲ್ಲ! ತಮಗೆ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು. ಗಂಡಸರಿಗಂತೂ ಯಾರೂ ಏನೂ ಹೇಳಿರಲೇ ಇಲ್ಲ, ಮನೆಯಲ್ಲಿ ನಡೆಯುವುದು ಅವರ ಮಾತು. ಕೆಲಸಗಾರರನ್ನು ಢಾಕಾದ ಆಸ್ಪತ್ರೆಗೆ ಕರೆದೊಯ್ದು ರೋಗಿಗಳು ಚೇತರಿಸುವುದನ್ನು ಕಣ್ಣಾರೆ ತೋರಿಸಿದರು. ಸಂತೆ, ಮಸೀದಿಗಳಲ್ಲಿ ಗಂಡಸರ ಜೊತೆ ಮಾತಾಡಿದರು. ಆಮೇಲೆ ಬಳಕೆ ಏರಿತು. 1990ರ ಹೊತ್ತಿಗೆ ಸುಮಾರು 1.2 ಕೋಟಿ ಮನೆಗಳನ್ನು ಮುಟ್ಟಿ ಕೆಲಸ ಮುಗಿದಿತ್ತು. ವಿಶ್ವಸಂಸ್ಥೆಯ ಲೆಕ್ಕ ಶುರುವಾಗುವುದೇ ಆ ವರ್ಷದಿಂದ! ಅದಕ್ಕೆ ಮೊದಲು ಉಳಿದ ಮಕ್ಕಳು ಆ ಪಟ್ಟಿಯಲ್ಲಿಲ್ಲ.

2030ರ ಹೊಸ ಗುರಿ ಸಾವಿರಕ್ಕೆ 25. ಬಾಂಗ್ಲಾದೇಶ 2022ರಲ್ಲಿ ಸುಮಾರು 30ರ ಆಸುಪಾಸಿನಲ್ಲಿತ್ತು. ಇನ್ನೇನು ಬಂತು ಅನ್ನಿಸುತ್ತದೆ. ಆದರೆ ಈ ಸಾವುಗಳಲ್ಲಿ ಹೆಚ್ಚಿನವು ಹುಟ್ಟಿದ ಮೊದಲ ತಿಂಗಳಲ್ಲೇ ಆಗುವಂಥವು. ದಿನ ತುಂಬದ ಮಗು, ಹುಟ್ಟಿದಾಕ್ಷಣ ಉಸಿರಾಡದ ಮಗು. ಅದಕ್ಕೆ ನುರಿತ ನರ್ಸ್ ಬೇಕು, ರಾತ್ರಿ ಹೊತ್ತೂ ಬಾಗಿಲು ತೆರೆದಿರುವ ಆಸ್ಪತ್ರೆ ಬೇಕು. ಅದನ್ನು ಮನೆಮನೆಗೆ ಹೋಗಿ ಹೇಳಿಕೊಟ್ಟು ಬರಲಾಗುವುದಿಲ್ಲ.