ಚಿನ್ನದ ಗಣಿಗೆ ಕಾವೇರಿ, ಕರೆಂಟಿಗೆ ನಮ್ಮ ಬಿಸಿಲು

ಸೋಲಾರ್‌ಗೆ ಜಮೀನು ಗುತ್ತಿಗೆ ಕೊಡೋ ಮಾತು ಪಾವಗಡ ದಾಟಿ ಮಧುಗಿರಿ, ಶಿರಾ ಕಡೆಗೂ ಬಂದಿದೆ. ಕೇಳಿದೋರಿಗೆಲ್ಲ ನಾನು ಕೋಲಾರದ ಗಣಿ ಕಥೆ ಹೇಳ್ತೀನಿ.

ಆ ಗಣಿ ಮೊದಲು ನಡೀತಿದ್ದುದು ಉಗಿ ಯಂತ್ರದಲ್ಲಿ. ಅದಿರು ಮೇಲೆತ್ತಬೇಕು, ಕಲ್ಲು ಕುಟ್ಟಬೇಕು, ಒಳಗೆ ಒಸರೋ ನೀರನ್ನ ಹಗಲೂ ರಾತ್ರಿ ಆಚೆ ಹಾಕಬೇಕು. ಇಷ್ಟಕ್ಕೂ ಸೌದೆ, ಇಲ್ಲವೇ ದೂರದಿಂದ ಬರೋ ಕಲ್ಲಿದ್ದಲು. ಗಣಿ ಆಳಕ್ಕಿಳಿದಷ್ಟೂ ಖರ್ಚು. ಹತ್ತಿರದಲ್ಲಿ ವರ್ಷಪೂರ್ತಿ ಹರಿಯೋ ಹೊಳೆಯೂ ಇಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶಿವನಸಮುದ್ರದ ಕಾವೇರಿಯಿಂದ ಕರೆಂಟು ತೆಗೆದು ಗಣಿಗೆ ಕಳಿಸೋ ಯೋಜನೆ ಆಯ್ತು. ಒಂದು ಕುದುರೆ ಶಕ್ತಿಗೆ ವರ್ಷಕ್ಕೆ ಇಷ್ಟು ಅಂತ ಕಂಪನಿ ಜತೆ ಮೊದಲೇ ಕರಾರು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ತಂತಿ ಮೇಲೆ ಕರೆಂಟು ಗಣಿ ಮುಟ್ತು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದೇ 1905ರಲ್ಲಿ. ತಂತಿ ಕೆಳಗಿನ ಹಳ್ಳಿಗಳ ಮಾತು ಬಿಡಿ, ಬುಡ್ಡಿದೀಪವೇ ಗತಿ.

ಆದ್ರೆ ಬೇಸಿಗೇಲಿ ಹೊಳೆ ಸೊರಗಿದ್ರೆ ಕರೆಂಟೂ ಸೊರಗುತ್ತೆ, ಗಣಿ ಪಂಪು ಮಾತ್ರ ನಿಲ್ಲಂಗಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗೋಕೆ ನೀರಾವರಿ ಜತೆಗೆ ಇದೂ ಒಂದು ಕಾರಣ. ಕಟ್ಟೆ ನೀರಲ್ಲಿ ಮುಳುಗಿದ್ದು ಹಳ್ಳಿಗಳು.

ಪಾವಗಡದಲ್ಲಿ ಹೊಳೆ ಬದಲು ಬಿಸಿಲು. 2018ರ ಮಾರ್ಚ್ 1ರಂದು ಉದ್ಘಾಟನೆ ಆಯ್ತು. ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಇಲ್ಲಿ ಊರು ಮುಳುಗಿಸಲಿಲ್ಲ, ಜಮೀನು ಕ್ರಯಕ್ಕೂ ತಗೊಳ್ಳಲಿಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಕಡ್ಲೆಕಾಯಿ ಕೈಕೊಟ್ಟ ವರ್ಷವೂ ಆ ದುಡ್ಡು ಬರುತ್ತೆ, ಅದು ಸಣ್ಣ ಮಾತಲ್ಲ. ಆದ್ರೆ 21,000 ಎರಡು ವರ್ಷಕ್ಕೆ 22,050 ಆಗುತ್ತೆ, ಅಷ್ಟರಲ್ಲಿ ಗೊಬ್ಬರ, ಕೂಲಿ ಎಷ್ಟು ಏರಿರುತ್ತೆ ನೀವೇ ಲೆಕ್ಕ ಹಾಕಿ. ಇನ್ನು ಕೂಲಿಯೋರಿಗೆ, ಕುರಿ ಮೇಯಿಸೋರಿಗೆ ಪಹಣಿನೇ ಇಲ್ಲ, ಗುತ್ತಿಗೆ ದುಡ್ಡು ಎಲ್ಲಿಂದ ಬರಬೇಕು? ಹೊತ್ತು ಮುಳುಗಿದ ಮೇಲೆ ಪ್ಯಾನಲ್ಲೂ ಬೇಸಿಗೆ ಹೊಳೆ ಇದ್ದಂಗೆ. ಅದಕ್ಕೇ ಈಗ ಬ್ಯಾಟರಿ ಮಾತು.

ಇನ್ನೊಂದು ವಿಷಯ. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ತು. ಶಿವನಸಮುದ್ರದ ಪವರ್‌ಹೌಸ್ ಉಳೀತು. ಗಣಿ ಮಣ್ಣಿನ ಗುಡ್ಡಗಳು ಇವತ್ತಿಗೂ ಅಲ್ಲೇ ಬಿದ್ದಿವೆ. ಗುತ್ತಿಗೆ ಮುಗಿದ ದಿನ ಕಂಬ, ಕಾಂಕ್ರೀಟು ಕೀಳೋರು ಯಾರು, ಬದು ಹಾಕಿಕೊಡೋರು ಯಾರು ಅನ್ನೋದು ಕರಾರಲ್ಲಿ ಎಷ್ಟನೇ ಪುಟದಲ್ಲಿದೆ ಅಂತ ಓದಿಸ್ಕೊಂಡು ಕೇಳಿ.