ಗುರುವಿಲ್ಲದ ಗಿಟಾರ್ ಪಾಠ: ಅಚ್ಚಿನ ಪುಸ್ತಕದಿಂದ ಅಂತರ್ಜಾಲದವರೆಗೆ

ಕ್ಲಾಸಿಕಲ್ ಗಿಟಾರನ್ನು ಗುರುಮುಖವಿಲ್ಲದೆ ಕಲಿಯುವ ರೂಢಿ ಅಂತರ್ಜಾಲಕ್ಕಿಂತ ಸುಮಾರು ನಾಲ್ಕೂವರೆ ಶತಮಾನ ಹಳೆಯದು. ಸ್ಪೇನಿನ ವೇಲೆನ್ಸಿಯಾದಲ್ಲಿ 1536ರಲ್ಲಿ ಅಚ್ಚಾದ ಲೂಯಿಸ್ ಮಿಲಾನನ 'ಎಲ್ ಮಾಯೆಸ್ತ್ರೊ' ಈ ಪರಂಪರೆಯ ಮೊದಲ ಪುಸ್ತಕಗಳಲ್ಲೊಂದು. ಅದು ವಿಹುಯೆಲಾ ಎಂಬ ವಾದ್ಯಕ್ಕಾಗಿ ಬರೆದದ್ದು. ವಿಹುಯೆಲಾ ಗಿಟಾರಿನ ಆಕಾರದ್ದೇ ಆದರೂ ಅದರ ಶ್ರುತಿ ಲ್ಯೂಟ್ ವಾದ್ಯದ ಬಗೆಯದು. ವಾದ್ಯವನ್ನು ಎಂದೂ ಮುಟ್ಟದವನನ್ನು ಎದುರಿಗಿಟ್ಟುಕೊಂಡವನಂತೆ ಮಿಲಾನ್ ಸುಲಭದ ರಚನೆಗಳಿಂದ ಕಠಿಣವಾದವುಗಳ ಕಡೆಗೆ ಸಾಗುತ್ತಾನೆ. ಯಾವುದನ್ನು ಎಷ್ಟು ವೇಗದಲ್ಲಿ ನುಡಿಸಬೇಕೆಂದು ಮಾತಿನಲ್ಲೂ ಹೇಳುತ್ತಾನೆ. ಪುಸ್ತಕದ ಲಿಪಿ ಟ್ಯಾಬ್ಲೇಚರ್. ಅದರಲ್ಲಿ ಒಂದೊಂದು ಗೆರೆ ಒಂದೊಂದು ತಂತಿಜೋಡಿಯನ್ನು ಸೂಚಿಸಿದರೆ, ಗೆರೆಯ ಮೇಲಿನ ಅಂಕಿ ಬೆರಳಿಡಬೇಕಾದ ಫ್ರೆಟ್ಟನ್ನು ತಿಳಿಸುತ್ತದೆ. ಸ್ವರಲಿಪಿ ಓದಲು ಬಾರದವರೂ ಇದನ್ನು ನೋಡಿ ನುಡಿಸಬಹುದಿತ್ತು. ಇಂದು ಅಂತರ್ಜಾಲದಲ್ಲಿ ಹರಿದಾಡುವ ಗಿಟಾರ್ ಟ್ಯಾಬ್‌ಗಳ ಮೂಲತತ್ತ್ವವೂ ಇದೇ.

ಗಿಟಾರಿಗೇ ಮೀಸಲಾದ ಕೈಪಿಡಿ ಬಂದದ್ದು ಕತಲೋನಿಯಾದ ವೈದ್ಯ ಹುವಾನ್ ಕಾರ್ಲೋಸ್ ಅಮಾತ್‌ನಿಂದ. ಐದು ಜೋಡಿ ತಂತಿಗಳ ಗಿಟಾರನ್ನು ಕುರಿತ ಅವನ ಕಿರುಹೊತ್ತಗೆ 1596ರಲ್ಲಿ ಮೊದಲು ಹೊರಬಂದಿತೆಂದು ಪರಿಗಣಿಸಲಾಗಿದೆ. ಸ್ವರಮೇಳಗಳಿಗೆ ಅಂಕಿಗಳನ್ನು ಕೊಟ್ಟು, ಹಾಡಿಗೆ ಪಕ್ಕವಾದ್ಯ ನುಡಿಸುವ ದಾರಿಯನ್ನು ಅದು ಸರಳಗೊಳಿಸಿತು. ಹದಿನೆಂಟನೆಯ ಶತಮಾನದಲ್ಲೂ ಅದು ಮರುಮುದ್ರಣ ಕಾಣುತ್ತಲೇ ಇತ್ತು. 1674ರಲ್ಲಿ ಸರಗೋಸಾದಲ್ಲಿ ಪ್ರಕಟವಾದ ಗಾಸ್ಪರ್ ಸಾನ್ಸ್‌ನ ಗ್ರಂಥ ಇನ್ನಷ್ಟು ವಿಸ್ತಾರವಾದದ್ದು. ತಂತಿಯ ಆಯ್ಕೆ, ಫ್ರೆಟ್ ಕಟ್ಟುವ ಕ್ರಮ, ಶ್ರುತಿ ಮಾಡುವ ವಿಧಾನಗಳಿಂದ ತೊಡಗಿ ನೃತ್ಯರಚನೆಗಳವರೆಗೆ ಎಲ್ಲವೂ ಅದರಲ್ಲಿತ್ತು.

1800ರ ಸುಮಾರಿಗೆ ಜೋಡಿತಂತಿಗಳು ಹಿಂದೆ ಸರಿದು, ಆರು ಒಂಟಿ ತಂತಿಗಳ ಗಿಟಾರ್ ನೆಲೆಗೊಂಡಿತು. ಟ್ಯಾಬ್ಲೇಚರಿನ ಜಾಗಕ್ಕೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ ಬಂತು. ಪ್ಯಾರಿಸ್ ಮತ್ತು ವಿಯೆನ್ನಾಗಳ ಮಧ್ಯಮವರ್ಗದ ಮನೆಗಳಲ್ಲಿ ಗಿಟಾರ್ ಕಲಿಯುವ ಹುರುಪು ಹಬ್ಬಿ, ಕಲಿಕೆಯ ಪುಸ್ತಕಗಳಿಗೆ ದೊಡ್ಡ ಮಾರುಕಟ್ಟೆ ಸಿಕ್ಕಿತು. ಇಟಲಿಯ ಮೌರೊ ಜೂಲಿಯಾನಿ 1812ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದ ಮೊದಲ ಸಂಖ್ಯೆಯ ಕೃತಿಯಲ್ಲಿ ಬಲಗೈಗೆಂದೇ 120 ಅಭ್ಯಾಸಗಳಿವೆ. ಕರ್ನಾಟಕ ಸಂಗೀತದ ವಿದ್ಯಾರ್ಥಿಗೆ ಸರಳೆವರಸೆ ಹೇಗೋ ಗಿಟಾರ್ ಕಲಿಯುವವರಿಗೆ ಈ ಅಭ್ಯಾಸಗಳು ಹಾಗೆ. ಇವುಗಳಲ್ಲಿ ಬರುವ ಸ್ವರಮೇಳಗಳು ಎರಡೇ, ಬದಲಾಗುವುದು ಬೆರಳುಗಳ ವಿನ್ಯಾಸ.

ಪ್ಯಾರಿಸ್ಸಿನಲ್ಲಿ ಕರುಲ್ಲಿ ಮತ್ತು ಕರ್ಕಾಸಿ ಎಂಬ ಇಟಾಲಿಯನ್ ಶಿಕ್ಷಕರು ಹಂತಹಂತದ ಪಾಠಮಾಲೆಗಳನ್ನು ಹೊರತಂದರು. ಬಾರ್ಸಿಲೋನಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಫೆರ್ನಾಂದೊ ಸೋರ್ ಹಿಡಿದದ್ದು ಬೇರೆ ದಾರಿ. 1830ರ ತನ್ನ ಗ್ರಂಥದಲ್ಲಿ ಅವನು ಕೈಯನ್ನು ಹೀಗೆಯೇ ಇಡಬೇಕು ಎಂದಷ್ಟೇ ಹೇಳದೆ ಅದಕ್ಕೆ ಕಾರಣವನ್ನೂ ವಿವರಿಸಿದ. ಅವನ ಮಿತ್ರ ದಿಯೊನಿಸಿಯೊ ಅಗುವಾದೊ ಉಗುರು ಬಳಸಿ ನುಡಿಸುತ್ತಿದ್ದ. ಸೋರ್ ಬರಿಯ ಬೆರಳ ತುದಿಯಿಂದ ನುಡಿಸುತ್ತಿದ್ದ. ಇಬ್ಬರೂ ತಮ್ಮ ತಮ್ಮ ನಿಲುವನ್ನು ಬರೆದಿಟ್ಟದ್ದರಿಂದ, ಒಬ್ಬನೇ ಕೂತು ಕಲಿಯುವವನಿಗೂ ಎರಡು ಮತಗಳನ್ನು ತೂಗಿ ನೋಡುವ ಅವಕಾಶವಾಯಿತು.

ಪುಸ್ತಕಕ್ಕೆ ದನಿಯಿರಲಿಲ್ಲ. ನಾದ ಹೇಗಿರಬೇಕೆಂದು ತಿಳಿಯಲು ಬಲ್ಲವರ ಬಳಿಗೇ ಹೋಗಬೇಕಿತ್ತು. ಆಧುನಿಕ ಶೈಲಿಗೆ ಅಡಿಪಾಯ ಹಾಕಿದ ಫ್ರಾನ್ಸಿಸ್ಕೊ ತಾರೆಗಾ (1852–1909) ಪಾಠದ ಪುಸ್ತಕವನ್ನೇ ಬರೆಯಲಿಲ್ಲ. ಅವನ ಕ್ರಮ ಶಿಷ್ಯರ ಮೂಲಕವೇ ಹರಡಿತು. ಶಿಷ್ಯ ಎಮಿಲಿಯೊ ಪುಹೋಲ್ ಅದನ್ನು 1934ರಿಂದ ಹಲವು ಸಂಪುಟಗಳಲ್ಲಿ ಬರಹಕ್ಕಿಳಿಸಿದ. ಗಿಟಾರನ್ನು ಜಗತ್ತಿನ ದೊಡ್ಡ ಸಭಾಂಗಣಗಳಿಗೆ ಕೊಂಡೊಯ್ದ ಆಂದ್ರೆಸ್ ಸೆಗೋವಿಯಾ (1893–1987) ತನಗೆ ತಾನೇ ಗುರುವೂ ಶಿಷ್ಯನೂ ಆಗಿದ್ದೆನೆಂದು ಹೇಳಿಕೊಳ್ಳುತ್ತಿದ್ದ. 1927ರಲ್ಲಿ ಆರಂಭವಾದ ಅವನ ಧ್ವನಿಮುದ್ರಿಕೆಗಳು ದೂರದ ಊರಿನ ಕಲಿಕೆಗಾರರಿಗೂ ಒಳ್ಳೆಯ ನಾದದ ಮಾದರಿಯನ್ನು ಒದಗಿಸಿದವು.

ಆಗ ಗಿಟಾರಿನ ತಂತಿ ಹೆಚ್ಚಾಗಿ ಪ್ರಾಣಿಗಳ ಕರುಳಿನಿಂದ ಆಗುತ್ತಿತ್ತು. ಅದು ಬೇಗ ಸವೆಯುತ್ತಿತ್ತು, ಹವೆ ಬದಲಾದರೆ ಶ್ರುತಿ ಕೆಡುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕರುಳಿನ ತಂತಿ ದುರ್ಲಭವಾಯಿತು. ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ 1940ರ ದಶಕದಲ್ಲಿ ನೈಲಾನ್ ತಂತಿಯನ್ನು ರೂಪಿಸಿದ. ಸೆಗೋವಿಯಾ ಅದನ್ನು ಮೆಚ್ಚಿ ಬಳಸಿದ. ಹೆಚ್ಚು ಬಾಳುವ, ಶ್ರುತಿ ನಿಲ್ಲುವ ತಂತಿ ಬಂದದ್ದರಿಂದ ಮನೆಯಲ್ಲೇ ಕಲಿಯುವವರ ದೊಡ್ಡ ತೊಡಕೊಂದು ನೀಗಿತು.

ಹಳೆಯ ಪುಸ್ತಕಗಳು ಎಲ್ಲರ ಕೈಗೆಟುಕಲು ಮಾತ್ರ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಗಿಟಾರ್ ರಚನೆಗಳು ಮರುಮುದ್ರಣವಿಲ್ಲದೆ ಮರೆಗೆ ಸರಿದಿದ್ದವು. ಅವು ಉಳಿದದ್ದು ಸಂಗ್ರಾಹಕರ ಆಸ್ಥೆಯಿಂದ. ಸ್ವೀಡನ್ನಿನ ಕಾರ್ಲ್ ಆಸ್ಕರ್ ಬೊಯ್ಯೆ (1849–1923) ಜೀವಮಾನವಿಡೀ ಕೂಡಿಹಾಕಿದ ಗಿಟಾರ್ ಸಂಗೀತದ ಮುದ್ರಿತ ಪ್ರತಿಗಳೂ ಹಸ್ತಪ್ರತಿಗಳೂ ಅವನ ಕಾಲಾನಂತರ ಸ್ಟಾಕ್‌ಹೋಮಿನ ಸಂಗೀತ ಗ್ರಂಥಾಲಯ ಸೇರಿದವು. ಅಲ್ಲಿನವರು ಪುಟಪುಟವನ್ನೂ ಸ್ಕ್ಯಾನ್ ಮಾಡಿ ಉಚಿತವಾಗಿ ಅಂತರ್ಜಾಲಕ್ಕೆ ಏರಿಸಿದರು. ಕೋಪನ್‌ಹೇಗನ್ನಿನ ರಾಯಲ್ ಗ್ರಂಥಾಲಯವೂ ರಿಶೆಲ್ ಮತ್ತು ಬಿರ್ಕೆಟ್-ಸ್ಮಿತ್ ಸಂಗ್ರಹವನ್ನು ಹೀಗೆಯೇ ತೆರೆದಿಟ್ಟಿತು.

2006ರಲ್ಲಿ ಕೆನಡಾದ ಸಂಗೀತ ವಿದ್ಯಾರ್ಥಿ ಎಡ್ವರ್ಡ್ ಗುವೊ ಆರಂಭಿಸಿದ ಐಎಂಎಸ್‌ಎಲ್‌ಪಿ ಎಂಬ ಸ್ವರಲಿಪಿ ಭಂಡಾರ ಈ ಕೆಲಸವನ್ನು ಜಗತ್ತಿನ ಸ್ವಯಂಸೇವಕರ ಕೈಗೆ ಕೊಟ್ಟಿತು. ಕೃತಿಸ್ವಾಮ್ಯದ ಅವಧಿ ಆಗ ಕೆನಡಾದಲ್ಲಿ ಕರ್ತೃವಿನ ಮರಣಾನಂತರ 50 ವರ್ಷ, ಯುರೋಪಿನಲ್ಲಿ 70 ವರ್ಷ ಇತ್ತು. ಈ ವ್ಯತ್ಯಾಸದ ಕಾರಣ ಯುರೋಪಿನ ಪ್ರಕಾಶನ ಸಂಸ್ಥೆಯೊಂದು ಆಕ್ಷೇಪಿಸಿದಾಗ ಭಂಡಾರ 2007ರ ಅಕ್ಟೋಬರಿನಲ್ಲಿ ಮುಚ್ಚಿತು. 2008ರ ಜೂನಿನಲ್ಲಿ ಮತ್ತೆ ತೆರೆಯಿತು. ಸೋರ್, ಜೂಲಿಯಾನಿ, ಕರ್ಕಾಸಿ, ಅಗುವಾದೊ ಇವರ ಮೂಲ ಪುಸ್ತಕಗಳನ್ನು ಇಂದು ಅಲ್ಲಿಂದ ಹಣ ಕೊಡದೆ ಇಳಿಸಿಕೊಳ್ಳಬಹುದು.

2005ರಲ್ಲಿ ಶುರುವಾದ ಯೂಟ್ಯೂಬ್ ಉಳಿದ ಕೊರತೆಯನ್ನು ತುಂಬಿತು. ಸೋರ್ ಮಾತಿನಿಂದಲೂ ಚಿತ್ರದಿಂದಲೂ ವಿವರಿಸಲು ಶ್ರಮಿಸಿದ ಕೈಯ ನಿಲುವನ್ನು ಈಗ ಚಲಿಸುತ್ತಿರುವಾಗಲೇ ಕಾಣಬಹುದು. ಒಂದೇ ಅಭ್ಯಾಸವನ್ನು ಹತ್ತು ಮಂದಿ ನುಡಿಸಿದ್ದನ್ನು ಕೇಳಿ ಹೋಲಿಸಬಹುದು. ಆದರೆ ದೃಶ್ಯಪಾಠ ಕಲಿಯುವವರನ್ನು ತಿರುಗಿ ನೋಡಲಾರದು. ಬಿಗಿದ ಭುಜ, ಅತಿಯಾಗಿ ಒತ್ತುವ ಎಡಗೈ ಹೆಬ್ಬೆರಳು, ತಪ್ಪು ಕೋನದಲ್ಲಿ ತಂತಿ ಮೀಟುವ ಬೆರಳು ಇವು ಅಭ್ಯಾಸವಾಗಿ ಬೇರೂರುವ ಮೊದಲೇ ತಿದ್ದಲು ಅನುಭವಿಗಳ ಕಣ್ಣು ಕಿವಿ ಈಗಲೂ ಬೇಕು.

ಉಚಿತ ಕಲಿಕೆಯ ಎಲ್ಲೆಯನ್ನು ಕಾನೂನೂ ನಿರ್ಧರಿಸುತ್ತದೆ. ಭಾರತದಲ್ಲಿ ಕೃತಿಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷ ಇರುತ್ತದೆ. ಹಾಗಾಗಿ ಉಚಿತವಾಗಿ ಸಿಗುವ ಪಾಠಗಳಲ್ಲಿ ಹತ್ತೊಂಬತ್ತನೆಯ ಶತಮಾನದ್ದೇ ದೊಡ್ಡ ಪಾಲು. ಇಪ್ಪತ್ತನೆಯ ಶತಮಾನದ ಕೃತಿಗಳು ಒಂದೊಂದಾಗಿ ಬಂದು ಸೇರುತ್ತಿವೆ. 1959ರಲ್ಲಿ ತೀರಿಕೊಂಡ ಬ್ರೆಜಿಲ್‌ನ ಸಂಗೀತ ರಚನೆಕಾರ ವಿಲ್ಲಾ-ಲೋಬೊಸ್‌ನ ಹನ್ನೆರಡು ಅಭ್ಯಾಸಗಳು ಭಾರತದಲ್ಲಿ 2020ರಿಂದ ಸಾರ್ವಜನಿಕ ಸ್ವತ್ತು. 1999ರಲ್ಲಿ ನಿಧನನಾದ ಸ್ಪೇನಿನ ಸಂಗೀತ ರಚನೆಕಾರ ಹೋಆಕಿನ್ ರೊದ್ರಿಗೊನ ಹೆಸರಾಂತ ಗಿಟಾರ್ ಕೊನ್ಸಿಯೆರ್ತೊ ಈಗಿನ ಕಾನೂನಿನಂತೆ 2060ರಲ್ಲಿ ಆ ಸಾಲಿಗೆ ಸೇರಲಿದೆ.