35ನೇ ವಯಸ್ಸಿಗೆ ಸಿಕ್ಕ ಮೊದಲ ಸೀಸನ್



ಮೊನ್ನೆ ಭಾನುವಾರ ಚಿಕ್ಕೋಡಿಯೊಳಗ ನಮ್ಮ ಹುಡುಗರು ಟೆನಿಸ್ ಬಾಲ್ ಟೂರ್ನಮೆಂಟಿಗೆ ಬ್ಯಾನರ್ ಮಾಡಿಸಾಕತ್ತಿದ್ರು. ಬಾಬಾಸಾಹೇಬರ ಫೋಟೋ ಬಾಜೂಕ ಪಾಲವಣಕರ ಬಾಳೂ ಅವರದೂ ಹಾಕ್ರಿ ಅಂದೆ. "ಅವರ್‍ಯಾರ್ರೀ ಅಣ್ಣಾ?" ಅಂದ್ರು ಹುಡುಗರು. ಅಲ್ಲೇ ಇದ್ದ ಹಿರಿಯ ಕಾರ್ಯಕರ್ತರೊಬ್ಬರು, "ಬಾಬಾಸಾಹೇಬರ ವಿರುದ್ಧ ಎಲೆಕ್ಷನ್ನಿಗೆ ನಿಂತಾಂವ, ಬ್ಯಾಡ" ಅಂದ್ರು. ಎರಡೂ ಮಾತು ತಲಿಯೊಳಗ ಕುಂತಾವು. ಅದಕ್ಕೇ ಇದನ್ನ ಬರೆಯಾಕತ್ತೀನಿ.

ಬಾಳೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ, ಚಮ್ಮಾರ ಕುಟುಂಬದಲ್ಲಿ. ತಂದೆ ಸೈನ್ಯದ ನೌಕರಿ. ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನ ಪಿಚ್ ಗುಡಿಸುವ ಕೆಲಸ ಸಿಕ್ಕಿತು, ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ನೆಟ್ ಕಟ್ಟುವುದು, ರೋಲರ್ ಎಳೆಯುವುದು, ಸಾಹೇಬರ ಅಭ್ಯಾಸಕ್ಕೆ ತಾಸುಗಟ್ಟಲೆ ಎಡಗೈ ಸ್ಪಿನ್ ಹಾಕುವುದು. ಬ್ಯಾಟ್ ಮಾತ್ರ ಅವರ ಕೈಗೆ ಕೊಡುತ್ತಿರಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಬಿಳಿಯರನ್ನು ಸೋಲಿಸಬೇಕಿತ್ತು, ಹಂಗಾಗಿ ಬಾಳೂ ಬೇಕಾದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಕುವ ಮಣ್ಣಿನ ಕಪ್ಪಿನಲ್ಲಿ. ಊಟಕ್ಕೂ ಬೇರೆ ತಟ್ಟೆ.

ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. 1990ರ ದಶಕದಾಗ ನಾನೂ ಒಂದೂರಿನ ಟೀಮಿಗೆ ಬೌಲಿಂಗ್ ಮಾಡಾಕ ಹೋಗತಿದ್ದೆ. ಗೆದ್ದ ದಿನ ನನ್ನ ಹೆಗಲ ಮ್ಯಾಲೆ ಹೊತ್ತು ಕುಣಿದವರೇ, ಚಹಾದಂಗಡ್ಯಾಗ ನನ್ನ ಗ್ಲಾಸು ನಾನೇ ತೊಳೆದಿಡೂದನ್ನ ನೋಡಕೋತ ಕುಂತಿದ್ರು.

1906ರಲ್ಲಿ ಬಾಂಬೆಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನಿನಿಂದ ಸೋಲಿಸಿತು. ಆ ತಂಡದಲ್ಲಿ ಬಾಳೂ ಇದ್ದರು. 1911ರಲ್ಲಿ ಮೊದಲ ಅಖಿಲ ಭಾರತ ತಂಡ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋಯಿತು. 23 ಪಂದ್ಯ ಆಡಿ, ಗೆದ್ದದ್ದು ಬರೇ 6, ಸೋತದ್ದು 15. ಇಂಥಾ ಸೋಲುವ ತಂಡದಲ್ಲಿ ಬಾಳೂ ಒಬ್ಬರೇ 114 ವಿಕೆಟ್ ತೆಗೆದರು. ಅದರಲ್ಲಿ 75 ಪ್ರಥಮ ದರ್ಜೆಯವು. ಕಾಣದ ನೆಲ, ಕಾಣದ ಹವಾ, ಮೊದಲ ಸೀಸನ್. ವಯಸ್ಸು 35.

ನಾನು ಆಫೀಸಿನಾಗ ಸರ್ವಿಸ್ ಬುಕ್ ಬರೆಯೋ ಗುಮಾಸ್ತ. ಸೇರಿದ ತಾರೀಖು ಎಂಟ್ರಿ ಆಗಲಿಲ್ಲಂದ್ರ ದುಡಿದ ವರ್ಷ ಲೆಕ್ಕಕ್ಕ ಬರೂದಿಲ್ಲ. ಪೂನಾ ಕ್ಲಬ್ಬಿನ ನೆಟ್ಟಿನಾಗ ಬಾಳೂ ಎಷ್ಟು ಸಾಹೇಬರನ್ನ ಔಟ್ ಮಾಡಿದ್ರೋ, ಯಾವ ಸ್ಕೋರ್ ಬುಕ್ಕಿನಾಗೂ ಇಲ್ಲ. ಅವರ ಪಾಲಿಗೆ ಅದು ಆಟ ಅಲ್ಲ, ಕೂಲಿ. 35ಕ್ಕೆ ಶುರುವಾದಂಗ ಕಾಣೋ ಸೀಸನ್ನಿನ ಹಿಂದ ಲೆಕ್ಕಕ್ಕ ಬರದ ಇಷ್ಟು ದುಡಿಮೆ ಅದ.

ತಿರುಗಿ ಬಂದಾಗ ಬಾಂಬೆಯ ನಮ್ಮ ಜನ ಸನ್ಮಾನ ಮಾಡಿದರು. ಆಗಿನ್ನೂ ಕಾಲೇಜು ಓದುತ್ತಿದ್ದ ಬಾಬಾಸಾಹೇಬರಿಗೂ ಬಾಳೂ ಅಂದರೆ ಅಭಿಮಾನ. ಹಿಂದೂ ತಂಡದ ನಾಯಕ ಪಟ್ಟ ಮಾತ್ರ ಅವರಿಗೆ ಕೊನೆತನಕ ಬರಲಿಲ್ಲ. 1920ರಲ್ಲಿ ತಮ್ಮಂದಿರಾದ ಶಿವರಾಮ, ವಿಠ್ಠಲ ಇದನ್ನು ಪ್ರತಿಭಟಿಸಿ ತಂಡದಿಂದ ಹೊರಗುಳಿದರು. 1923ರಲ್ಲಿ ವಿಠ್ಠಲ ನಾಯಕರಾದರು, ಕಪ್ಪೂ ಗೆದ್ದರು.

ಇನ್ನು ಆ ಹಿರಿಯರ ಮಾತು. ಅದು ಸುಳ್ಳಲ್ಲ. 1932ರಲ್ಲಿ ಪುಣೆ ಒಪ್ಪಂದಕ್ಕೆ ಬಾಳೂ ಸಹಿ ಹಾಕಿದರು. 1937ರಲ್ಲಿ ಕಾಂಗ್ರೆಸ್ಸು ಅವರನ್ನು ಬಾಬಾಸಾಹೇಬರ ಎದುರಿಗೆ ನಿಲ್ಲಿಸಿತು, ಬಾಬಾಸಾಹೇಬರು ಸುಮಾರು 2 ಸಾವಿರ ಮತದಿಂದ ಗೆದ್ದರು. ನಮ್ಮವರನ್ನೇ ನಮ್ಮ ವಿರುದ್ಧ ನಿಲ್ಲಿಸೋ ಆ ಆಟ ಇವತ್ತಿಗೂ ನಿಂತಿಲ್ಲ. ಅದನ್ನ ಮುಚ್ಚಿಡೂದು ಬ್ಯಾಡ, ಹುಡುಗರಿಗೆ ಹೇಳೋಣ. ಆದ್ರ 1937ರ ಸಿಟ್ಟಿಗೆ 1911ನ್ನ ಅಳಿಸಿಬಿಟ್ರ, ಆ ಎಂಟ್ರಿ ಹೊಡೆದು ಹಾಕಿದವರು ನಾವೇ ಆಗತೇವಿ.

1925ರಲ್ಲಿ ಬಾಬಾಸಾಹೇಬರು ನಿಪ್ಪಾಣಿಗೆ ಬಂದದ್ದನ್ನ ನಾವು ನೆನೀತೇವಿ. ಧಾರವಾಡದಾಗ ಹುಟ್ಟಿದ ಬಾಳೂನೂ ನೆನೆಯೋಣ. ರಾಯಬಾಗ, ಅಥಣಿ, ಕಾಗವಾಡದ ಗೆಳೆಯರೇ, ನಿಮ್ಮ ಟೂರ್ನಮೆಂಟಿನ ಬೆಸ್ಟ್ ಬೌಲರ್ ಕಪ್ಪಿಗೆ ಅವರ ಹೆಸರಿಡ್ರಿ. ಮತ್ತ ಮೈದಾನದಾಗ ಎಲ್ಲಾರಿಗೂ ಒಂದೇ ಕೊಡ, ಒಂದೇ ಗ್ಲಾಸು ಇಡ್ರಿ.

ಜೈಭೀಮ್.